ಕುದುರೆಗೆ ಒಬ್ಬರನ್ನು ಕಂಡರೆ ಮಾತ್ರ ಯಾಕೆ ಅಂಜಿಕೆ?

ನಿಮ್ಮ ಹೆಣ್ಣು ಕುದುರೆ ನಿಮ್ಮ ಹತ್ತಿರ ಸಾಧು. ನಿಮ್ಮ ತಮ್ಮ ಲಾಯದ ಬಾಗಿಲಿಗೆ ಬಂದರೆ ಸಾಕು, ತಲೆ ಎತ್ತಿ ಹಿಂದಿನ ಮೂಲೆಗೆ ಸರಿಯುತ್ತದೆ, ಬಾಲ ಬೀಸುತ್ತದೆ. ಅವನು ಒಂದು ದಿನವೂ ಅದಕ್ಕೆ ಹೊಡೆದಿಲ್ಲ, ಗದರಿಲ್ಲ. "ಕುದುರೆಗೆ ಮನುಷ್ಯರ ಒಳಗಿನದು ಗೊತ್ತಾಗುತ್ತದಂತೆ, ಹಾಗಾದರೆ ನನ್ನ ತಮ್ಮನಲ್ಲೇ ಏನೋ ದೋಷ ಇದೆಯೇ?" ಎಂದು ಕೇಳಿದ್ದೀರಿ.

ಇಲ್ಲ. ಮೊದಲು ಆ ಮಾತನ್ನು ತಲೆಯಿಂದ ತೆಗೆದುಹಾಕಿ, ತಮ್ಮನಿಗೂ ಹೇಳಿ. ಕುದುರೆ ಯಾರ ಗುಣವನ್ನೂ ತೂಗಿ ನೋಡುವುದಿಲ್ಲ. ಈ ಮನುಷ್ಯ ಬಂದಾಗ ನನ್ನ ಮೈಗೆ ಏನಾಗುತ್ತದೆ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಂದು ಕುದುರೆ, ದಿನಾ ಜೀನು ಹಾಕುತ್ತಿದ್ದ ಹುಡುಗನನ್ನು ಕಂಡರೆ ಬೆದರುತ್ತಿತ್ತು. ಅವನು ಬರಿಗೈಯಲ್ಲಿ ಬಂದರೂ ಅಷ್ಟೆ. ಕಣ್ಣಿನ ಮೇಲಿನ ಚರ್ಮ ಮಡಚಿ ಮೂಲೆ ಮೂಲೆಯಾಗುತ್ತಿತ್ತು, ಮೂಗಿನ ಹೊಳ್ಳೆಯ ಮೇಲೆ ಸಣ್ಣ ಸುಕ್ಕು ಬೀಳುತ್ತಿತ್ತು, ಕೆಳತುಟಿ ಕಲ್ಲಿನಂತೆ ಬಿಗಿಯುತ್ತಿತ್ತು. ನಾನು ಹುಡುಗನನ್ನೇ ಅನುಮಾನಿಸಿದೆ. ಯಾರೂ ಇಲ್ಲದಾಗ ಹೊಡೆಯುತ್ತಾನೇನೋ ಎಂದು ವಾರಗಟ್ಟಲೆ ಕದ್ದು ನೋಡಿದೆ. ಆ ಅನುಮಾನಕ್ಕೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಒಂದು ದಿನ ಅವನು ಬರಲಿಲ್ಲ, ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿಯನ್ನು ನಾನೇ ಬಿಗಿದೆ. ಕುದುರೆ ಕತ್ತು ತಿರುಗಿಸಿ ನನ್ನ ತೋಳಿನ ಬಟ್ಟೆಗೆ ಹಲ್ಲು ಹಾಕಿತು. ಹೊಳ್ಳೆಯ ಮೇಲೆ ಅದೇ ಸುಕ್ಕು. ಪಶುವೈದ್ಯರು ಎಂಡೋಸ್ಕೋಪ್ ಇಳಿಸಿ ನೋಡಿದರೆ ಹೊಟ್ಟೆಯಲ್ಲಿ ಹುಣ್ಣು. ಪಟ್ಟಿ ಬಿಗಿದಾಗಲೆಲ್ಲ ಅದಕ್ಕೆ ನೋಯುತ್ತಿತ್ತು, ಆ ನೋವಿಗೆ ಮುಂಚೆ ದಿನವೂ ಕಾಣುತ್ತಿದ್ದದ್ದು ಆ ಹುಡುಗನ ಮುಖ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಸಂಗತಿ ಇದೇ. ಪಟ್ಟಿ ಬಿಗಿಯುವವರು, ಔಷಧ ಕುಡಿಸುವವರು, ಲಾಳ ಹೊಡೆಸುವಾಗ ಕಾಲು ಹಿಡಿಯುವವರು ಯಾರು? ಇಂಜೆಕ್ಷನ್ ದಿನ ಹಗ್ಗ ಹಿಡಿದು ನಿಲ್ಲುವವರು ಯಾರು? ಎಲ್ಲದಕ್ಕೂ ಉತ್ತರ ತಮ್ಮನೇ ಆದರೆ ಬೇರೆ ಕಾರಣ ಹುಡುಕುವ ಮೊದಲು ವೈದ್ಯರನ್ನು ಕರೆಸಿ. ಬೆನ್ನು, ಹಲ್ಲು, ಹೊಟ್ಟೆ, ಗೊರಸು ಎಲ್ಲವನ್ನೂ ನೋಡಲಿ. ನೋವು ಉಳಿದಿರುವಾಗ ಎಷ್ಟು ಪುಸಲಾಯಿಸಿದರೂ ಪ್ರಯೋಜನವಿಲ್ಲ.

ನೋವೇನೂ ಇಲ್ಲ ಅಂತಾದರೆ ಮನುಷ್ಯನನ್ನು ಬಿಡಿಬಿಡಿಯಾಗಿ ನೋಡಬೇಕು. ಕುದುರೆಯ ಕಿವಿಗೆ ಸುಮಾರು 33 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ, ನಮ್ಮದು 20ಕ್ಕೇ ನಿಲ್ಲುತ್ತದೆ. ಸೊಂಟದ ಬೀಗದ ಕೈಗೊಂಚಲು ನಮಗೆ ಕೇಳುವ ಹಾಗೆ ಅದಕ್ಕೆ ಕೇಳುವುದಿಲ್ಲ. ಟೋಪಿ, ಸೆಂಟು, ಸಿಗರೇಟು ವಾಸನೆ, ದಾಪುಗಾಲು, ಏನು ಬೇಕಾದರೂ ಇರಬಹುದು. ಒಂದು ದಿನ ಕೀಲಿ ತೆಗೆದಿಟ್ಟು ಬರಲಿ, ಇನ್ನೊಂದು ದಿನ ಟೋಪಿ ಇಲ್ಲದೆ ಬರಲಿ. ಒಂದೇ ದಿನ ಎರಡನ್ನೂ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಅಷ್ಟೇ ಎತ್ತರದ ಬೇರೆ ಗಂಡಸು ಬಂದಾಗಲೂ ಬೆದರಿದರೆ, ಅದು ನಿಮ್ಮ ಕೈಗೆ ಬರುವ ಮೊದಲಿನ ನೆನಪಿರಬಹುದು.

ಈಗ ತಮ್ಮನ ಮನಸ್ಸಿನ ವಿಷಯ. ಅವನಿಗೆ ಬೇಜಾರಾಗಿದೆ ಎಂದು ಬರೆದಿದ್ದೀರಿ. ಇವತ್ತೂ ಹೆದರುತ್ತದೇನೋ ಎಂದುಕೊಂಡೇ ಅವನು ಒಳಗೆ ಬರುತ್ತಿರಬೇಕು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ, ಕುದುರೆ ನಡೆಸಿಕೊಂಡು ಹೋಗುವವರಿಗೆ "ಈ ಸಲ ಎದುರಿಗೆ ಛತ್ರಿ ಬಿಚ್ಚುತ್ತೇವೆ" ಎಂದರು. ಬಿಚ್ಚಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಎದೆಬಡಿತವೂ ಏರಿತು, ಕುದುರೆಯದೂ ಏರಿತು. ಲೆಕ್ಕ ಮಾಡಿ ಗೊರಸು ಕುಟ್ಟಿ ಉತ್ತರ ಹೇಳುತ್ತದೆಂದು ಹೆಸರಾಗಿದ್ದ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯನ್ನು 1904ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗಲೂ ತಿಳಿದದ್ದು ಇಂಥದ್ದೇ. ಅದು ಗೊರಸು ಕುಟ್ಟುವುದನ್ನು ನಿಲ್ಲಿಸುತ್ತಿದ್ದದ್ದು ಎದುರಿಗಿದ್ದವರ ತಲೆ ಅರಿವಿಲ್ಲದೆ ತುಸುವೇ ಅಲುಗುವುದನ್ನು ನೋಡಿ. ಅಷ್ಟು ಸಣ್ಣದನ್ನು ಹಿಡಿಯುವ ಪ್ರಾಣಿಗೆ ನಿಮ್ಮ ತಮ್ಮ ಉಸಿರು ಬಿಗಿಹಿಡಿದದ್ದು ಕಾಣದೇ ಇರುತ್ತದೆಯೇ?

ಒಂದೇ ಒಂದು ಸಲದ ಸಿಡುಕೂ ಉಳಿಯಬಹುದು. 2018ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಕುದುರೆಗಳಿಗೆ ಬರೀ ಫೋಟೋ ತೋರಿಸಿದ್ದರು, ಕೋಪದ ಮುಖ ಅಥವಾ ನಗುಮುಖ. ಕೆಲವು ಗಂಟೆ ಬಿಟ್ಟು ಅದೇ ವ್ಯಕ್ತಿ ಸಾದಾ ಮುಖದಲ್ಲಿ ಎದುರು ಬಂದಾಗ, ಕೋಪದ ಫೋಟೋ ನೋಡಿದ್ದ ಕುದುರೆಗಳು ಅವರನ್ನು ಹೆಚ್ಚಾಗಿ ಎಡಗಣ್ಣಿನಿಂದ ನೋಡಿದವು. ಅಪಾಯ ಇದೆ ಅನ್ನಿಸಿದ್ದನ್ನು ಅವು ಹಾಗೆ ನೋಡುವುದು ಹೆಚ್ಚು.

ತಮ್ಮ ಮಾಡಬೇಕಾದ್ದು ಸ್ವಲ್ಪವೇ, ಆದರೆ ದಿನಾ ಮಾಡಬೇಕು. ಕೈಯಲ್ಲಿ ಏನೂ ಇರಬಾರದು. ಲಾಯದ ಒಳಗೆ ಮೂಲೆಗೆ ಒತ್ತಿ ಮುಟ್ಟುವುದು ಬೇಡವೇ ಬೇಡ, ಬಯಲಿನಲ್ಲಿ ನಿಲ್ಲಲಿ. ಎದುರಾಎದುರು ನಡೆದುಬರದೆ ಓರೆಯಾಗಿ ಹೆಗಲ ಕಡೆಗೆ ಬರಲಿ. ತಲೆ ಎತ್ತಿದ ಕೂಡಲೇ ಅಲ್ಲೇ ನಿಂತು ಉಸಿರು ಬಿಡಲಿ. ತಲೆ ಒಂದಿಷ್ಟು ಇಳಿದರೆ, ಕಿವಿ ಸಡಿಲವಾದರೆ, ಆ ಕ್ಷಣವೇ ತಿರುಗಿ ಹೊರಟುಹೋಗಲಿ. ಹೋಗಿಬಿಡುವುದೇ ಇಲ್ಲಿ ಬಹುಮಾನ. ಮುದ್ದು ಮಾಡಲು ಹಣೆಗೆ ಕೈ ಚಾಚುವುದು ಹೆಚ್ಚಿನವರ ಅಭ್ಯಾಸ, ಆದರೆ ಹಣೆಯ ನೇರ ಮುಂದಿನ ಜಾಗ ಕುದುರೆಗೆ ಕಾಣುವುದಿಲ್ಲ, ಹತ್ತಿರ ಬಂದ ಕೈ ಥಟ್ಟನೆ ಮಾಯವಾಗುತ್ತದೆ. ತಾನಾಗಿ ಹತ್ತಿರ ಬಂದ ದಿನ ಕತ್ತಿನ ಬುಡದಲ್ಲಿ, ಅಯಾಲು ಮುಗಿಯುವ ಕಡೆ, ಉಗುರಿನಿಂದ ನಿಧಾನವಾಗಿ ಕೆರೆಯಲಿ. ಕುದುರೆಗಳು ಒಂದನ್ನೊಂದು ಕೆರೆದುಕೊಳ್ಳುವುದು ಅಲ್ಲೇ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ.

ನಮ್ಮ ಕುದುರೆಯ ಹುಣ್ಣು ಔಷಧಕ್ಕೆ ವಾಸಿಯಾಯಿತು, ಹುಡುಗನ ಮೇಲಿನ ಅಂಜಿಕೆ ಮಾತ್ರ ಅಷ್ಟು ಬೇಗ ಬಿಡಲಿಲ್ಲ. ಜೀನಿನ ಕೆಲಸ ನಾನು ವಹಿಸಿಕೊಂಡೆ, ಅವನು ಬರೀ ಕೆರೆದು ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವನ ಉಗುರಿನ ಕೆಳಗೆ ಅದರ ಮೇಲ್ತುಟಿ ಉದ್ದವಾಗಿ ಒಂದು ಪಕ್ಕಕ್ಕೆ ಹೊರಳಿ ನಡುಗತೊಡಗಿತು. ಹುಡುಗ ಕೈ ನಿಲ್ಲಿಸದೆ ನನ್ನ ಕಡೆ ನೋಡಿದ. ಈಗಲೂ ಅವನು ಜೀನು ಎತ್ತಿದರೆ ಅದರ ಒಂದು ಕಿವಿ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಪಟ್ಟಿ ಬಿಗಿಯುವುದು ಇನ್ನೂ ನನ್ನ ಕೆಲಸವೇ.