ನನ್ನ ವೈಬಿಸಿಓ ಪೆಲೆಟ್ ಆಯಸ್ಕಾಂತವನ್ನು ತೇಲಿಸುತ್ತದೆ, ಆದರೆ ಕಾಂತಕ್ಷೇತ್ರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಏಕೆ?

ವೈಬಿಸಿಓ (ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್; ತಣಿಸಿದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಸೂಪರ್‌ಕಂಡಕ್ಟರ್) ಪುಡಿಯನ್ನು ಒತ್ತಿ, ಸಿಂಟರ್ ಮಾಡಿದ (ಕರಗದಂತೆ ಕಾಯಿಸಿ ಬೆಸೆದ) ಪೆಲೆಟ್ ದ್ರವ ಸಾರಜನಕದಲ್ಲಿ ಪುಟ್ಟ ಆಯಸ್ಕಾಂತವನ್ನು ತೇಲಿಸುತ್ತದೆ, ಆದರೆ ಆಯಸ್ಕಾಂತ ತೆಗೆದ ಮೇಲೆ ಕ್ಷೇತ್ರ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ. ಹಾಗಿದ್ದರೆ 17 ಟೆಸ್ಲಾ (ಕಾಂತಕ್ಷೇತ್ರದ ಮಾನ) ಹಿಡಿದವರು ಬೇರೆ ಏನು ಮಾಡಿದರು ಎಂದು ಕೇಳಿದ್ದೀರಿ. ಇಂಥ ಬಿಲ್ಲೆಗಳನ್ನು ಬೆಳೆಸುವ ಕೆಲಸ ನನಗೆ ಪರಿಚಿತ, ಹಾಗಾಗಿ ಉತ್ತರಿಸುತ್ತಿದ್ದೇನೆ.

ನಿಮ್ಮ ಪದಾರ್ಥದಲ್ಲಿ ದೋಷವಿಲ್ಲ, ಹರಳುಗಳು ಸಣ್ಣವು ಅಷ್ಟೇ. ಹಿಡಿದ ಕ್ಷೇತ್ರ ಎಂದರೆ ಬಿಲ್ಲೆಯೊಳಗೆ ಸುತ್ತುತ್ತಲೇ ಇರುವ ವಿದ್ಯುತ್ ಪ್ರವಾಹ. ಸುತ್ತು ದೊಡ್ಡದಾದಷ್ಟೂ, ಪ್ರವಾಹ ದಟ್ಟವಾದಷ್ಟೂ ಕ್ಷೇತ್ರ ಹೆಚ್ಚು. ಸಿಂಟರ್ ಮಾಡಿದ ಪೆಲೆಟ್‌ನಲ್ಲಿ ಮೈಕ್ರಾನ್ ಲೆಕ್ಕದ ಹರಳುಗಳು ತಮಗೆ ತೋಚಿದ ದಿಕ್ಕಿಗೆ ಮುಖ ಮಾಡಿ ಕೂತಿರುತ್ತವೆ. ಅಕ್ಕಪಕ್ಕದ ಎರಡರ ನಡುವಿನ ಕೋನ 10 ಡಿಗ್ರಿ ದಾಟುವಷ್ಟರಲ್ಲಿ ಗಡಿ ದಾಟುವ ಪ್ರವಾಹ ಕುಸಿದಿರುತ್ತದೆ. ಪ್ರವಾಹ ಪ್ರತಿ ಹರಳಿನೊಳಗೇ ಸುತ್ತಿಕೊಂಡಿರುತ್ತದೆ.

ಆದ್ದರಿಂದ ಇಡೀ ಬಿಲ್ಲೆ ಒಂದೇ ಹರಳಾಗಬೇಕು. ಪುಡಿಗೆ ಹಸಿರು ಬಣ್ಣದ 211 (ಎರಡು ಇಟ್ರಿಯಂ, ಒಂದು ಬೇರಿಯಂ, ಒಂದು ತಾಮ್ರ ಇರುವ ಆಕ್ಸೈಡ್) ಕಾಲು ಭಾಗದಷ್ಟು ಬೆರೆಸಿ, ಚಿಟಿಕೆಯಷ್ಟು ಪ್ಲಾಟಿನಂ ಅಥವಾ ಸೀರಿಯಂ ಆಕ್ಸೈಡ್ ಸೇರಿಸಿ ಒತ್ತುತ್ತಾರೆ. ಮೇಲೆ ಇಟ್ರಿಯಂ ಬದಲು ನಿಯೋಡಿಮಿಯಂ ಅಥವಾ ಸಮೇರಿಯಂ ಇರುವ ಇದೇ ಜಾತಿಯ ಪುಟ್ಟ ಬೀಜಹರಳು ಇಡುತ್ತಾರೆ. ವೈಬಿಸಿಓ ಗಾಳಿಯಲ್ಲಿ ಸುಮಾರು 1010 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು ಅರೆಕರಗುತ್ತದೆ, ಬೀಜ ಇನ್ನೂ ಹೆಚ್ಚಿನ ಶಾಖಕ್ಕೂ ಜಗ್ಗುವುದಿಲ್ಲ. ಆಮೇಲೆ ಗಂಟೆಗೆ 1 ಡಿಗ್ರಿ ಅಥವಾ ಅದಕ್ಕೂ ನಿಧಾನವಾಗಿ ತಣಿಸಿದರೆ ಬೀಜದ ದಿಕ್ಕನ್ನೇ ಹಿಡಿದು ಹರಳು ಹರಡುತ್ತದೆ. ಕುಲುಮೆ ತೆರೆದಾಗ ನಾನು ಮೊದಲು ನೋಡುವುದು ಮೇಲ್ಮೈಯ ಶಿಲುಬೆಯನ್ನು: ಬೀಜದಿಂದ ಹೊರಟ ನಾಲ್ಕು ಗೆರೆಗಳು ಅಂಚಿನವರೆಗೆ ಮುಟ್ಟಿದ್ದರೆ ಮೇಲ್ಭಾಗವಾದರೂ ಒಂದೇ ಹರಳು, ನಡುವೆ ನಿಂತಿದ್ದರೆ ಆಚೆ ಬೇರೆ ಹರಳುಗಳು ಹುಟ್ಟಿಕೊಂಡಿವೆ.

ಕರಗದೆ ಒಳಗುಳಿದ 211 ಕಣಗಳು ಸ್ವತಃ ಸೂಪರ್‌ಕಂಡಕ್ಟರ್ ಅಲ್ಲ, ಆದರೆ ಅವು ಬೇಕು. ಕ್ಷೇತ್ರ ಒಳಹೊಗುವುದು ಸಪೂರ ಸುಳಿಗಳಾಗಿ. ಆ ಕಣಗಳು ಸುಳಿಗಳಿಗೆ ಮೊಳೆ ಹೊಡೆದ ಹಾಗೆ. ಕಣ ಸಣ್ಣದಾಗಿ ಚದುರಿದ್ದಷ್ಟೂ ಹಿಡಿತ ಬಿಗಿ. ಪ್ಲಾಟಿನಂ ಹಾಕುವುದೂ ಅದಕ್ಕೇ.

ಕುಲುಮೆಯಿಂದ ಬಂದ ಬಿಲ್ಲೆಯಲ್ಲಿ ಆಮ್ಲಜನಕ ಕಡಿಮೆ. ಆಮ್ಲಜನಕದ ಹರಿವಿನಲ್ಲಿ 400ರಿಂದ 450 ಡಿಗ್ರಿಯಲ್ಲಿ ಒಂದು ವಾರವೋ ಅದಕ್ಕೂ ಹೆಚ್ಚೋ ಇಡಬೇಕು. ಆಗ ಸ್ಫಟಿಕ ಕುಗ್ಗಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಆಮ್ಲಜನಕ ಒಳಹೋಗಲು ದಾರಿಯೂ ಅವೇ, ಮುಂದೆ ಬಿಲ್ಲೆ ಸೀಳುವುದೂ ಅವುಗಳಿಂದಲೇ!

ದಾಖಲೆಗಳ ನಿಜವಾದ ಕಥೆ ಇಲ್ಲಿದೆ. 17 ಟೆಸ್ಲಾದಲ್ಲಿ ಕಾಂತೀಯ ಒತ್ತಡ ಸುಮಾರು 115 ಮೆಗಾಪ್ಯಾಸ್ಕಲ್ ಆಗುತ್ತದೆ. ಈ ಸೆರಾಮಿಕ್ ಎಳೆತಕ್ಕೆ ತಡೆಯುವುದು ಕೆಲವು ಹತ್ತು ಮೆಗಾಪ್ಯಾಸ್ಕಲ್ ಮಾತ್ರ. ಅಂದರೆ ಸೂಪರ್‌ಕಂಡಕ್ಟಿವಿಟಿ ಸೋಲುವ ಮೊದಲೇ ಬಿಲ್ಲೆ ಒಡೆಯುತ್ತದೆ. 2003ರಲ್ಲಿ ಜಪಾನಿನ ಟೊಮಿತಾ ಮತ್ತು ಮುರಕಾಮಿ ಬಿರುಕುಗಳಿಗೆ ರಾಳ ತುಂಬಿಸಿ, ಒಳಗೆ ಕರಗಿಸಿದ ಲೋಹ ಇಳಿಸಿ, 29 ಕೆಲ್ವಿನ್‌ನಲ್ಲಿ 17.24 ಟೆಸ್ಲಾ ಹಿಡಿದರು. 2014ರಲ್ಲಿ ಕೇಂಬ್ರಿಡ್ಜ್ ತಂಡ ಇಟ್ರಿಯಂ ಬದಲು ಗ್ಯಾಡೊಲಿನಿಯಂ ಇರುವ, ಬೆಳ್ಳಿ ಬೆರೆಸಿದ ಎರಡು ಬಿಲ್ಲೆಗಳಿಗೆ ಉಕ್ಕಿನ ಬಳೆ ಬಿಗಿದು 26 ಕೆಲ್ವಿನ್‌ನಲ್ಲಿ 17.6 ಟೆಸ್ಲಾಕ್ಕೆ ಮುಟ್ಟಿತು. ತಣಿದಾಗ ಉಕ್ಕು ಸೆರಾಮಿಕ್‌ಗಿಂತ ಹೆಚ್ಚು ಕುಗ್ಗಿ ಬಿಲ್ಲೆಯನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಹೊಸ ಮಿಶ್ರಣ ಹುಡುಕುವುದಕ್ಕಿಂತ ಈ ಬಳೆಯ ಕೆಲಸವೇ ಹೆಚ್ಚು ಫಲ ಕೊಟ್ಟಿದೆ ಎಂದು ನನ್ನ ಅಭಿಪ್ರಾಯ.

ನಿಮಗೆ ಇವೆಲ್ಲ ಸದ್ಯಕ್ಕೆ ಬೇಡ. ಇರುವ ಪೆಲೆಟ್ ಅರೆದು, 211 ಬೆರೆಸಿ, ಬೀಜ ಇಟ್ಟು ಎರಡು ಸೆಂಟಿಮೀಟರಿನ ಬಿಲ್ಲೆ ಬೆಳೆಸಿ. ಅಳೆಯುವಾಗ ಕ್ಷೇತ್ರದಲ್ಲಿ ಇಟ್ಟೇ ತಣಿಸಿ, ನಂತರ ಕ್ಷೇತ್ರವನ್ನು ನಿಧಾನವಾಗಿ ಇಳಿಸಿ. ಸುಳಿಗಳು ಮೊದಮೊದಲು ಬೇಗ ಜಾರುತ್ತವೆ, ಬರಬರುತ್ತ ನಿಧಾನವಾಗುತ್ತವೆ. ಹಾಲ್ ಪ್ರೋಬ್ (ಕಾಂತಕ್ಷೇತ್ರ ಅಳೆಯುವ ಸಾಧನ) ಓದುವ ಮೊದಲು ಪ್ರತಿಸಲವೂ ಒಂದೇ ಅವಧಿ ಕಾಯಿರಿ, ಇಲ್ಲದಿದ್ದರೆ ಎರಡು ಬಿಲ್ಲೆಗಳನ್ನು ಹೋಲಿಸಲಾಗದು.