ಆಲ್-ಸಾಲಿಡ್ ಗಿಟಾರ್ ತಗೊಳ್ಳುವಾಗ ರೋಸ್‌ವುಡ್ಡಾ, ಮಹಾಗನಿಯಾ?

ಇಷ್ಟು ದಿನ ಲ್ಯಾಮಿನೇಟ್ (ತೆಳು ಪದರಗಳನ್ನು ಅಂಟಿಸಿದ ಪ್ಲೈ) ಗಿಟಾರ್ ನುಡಿಸಿದ್ದೀರಿ. ಈಗ ಮಾರ್ಟಿನ್ ಕಂಪನಿಯ ಡಿ-28 ಮಟ್ಟದ, ಪೂರ್ತಿ ಇಡೀ ಮರದ (ಆಲ್-ಸಾಲಿಡ್) ಗಿಟಾರೊಂದು ತಗೊಳ್ಳಬೇಕು, ಹಿಂಭಾಗಕ್ಕೆ ರೋಸ್‌ವುಡ್ ಒಳ್ಳೆಯದಾ ಮಹಾಗನಿಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅದು ಕೊನೆಗೆ ಯೋಚಿಸಬೇಕಾದ ವಿಷಯ. ಮೊದಲು ಟಾಪ್, ಅಂದರೆ ಗಿಟಾರ್‌ನ ಮುಂಭಾಗದ ಹಲಗೆ ನೋಡಿ.

ದನಿಯ ಬಹುಪಾಲು ಹುಟ್ಟುವುದೇ ಅಲ್ಲಿ. ಶ್ರುತಿ ಮಾಡಿದ ಲೈಟ್ ಗೇಜ್ ತಂತಿಗಳು ಸುಮಾರು 70 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅದನ್ನು ತಡೆದುಕೊಳ್ಳುವುದು 3 ಮಿ.ಮೀ. ಆಸುಪಾಸಿನ ಸ್ಪ್ರೂಸ್ ಹಲಗೆ, ಒಳಗೆ ಅದಕ್ಕೆ ಆಧಾರವಾಗಿ ಎಕ್ಸ್ ಆಕಾರದ ಬ್ರೇಸ್‌ಗಳು, ಅಂದರೆ ಮರದ ಪಟ್ಟಿಗಳು. ಹಲಗೆ ದಪ್ಪವಾದರೆ ಗಿಟಾರ್ ಗಟ್ಟಿ, ಆದರೆ ದನಿ ಮಂಕು. ತೀರಾ ತೆಳುವಾದರೆ ದನಿ ಅರಳುತ್ತದೆ, ಆದರೆ ಬ್ರಿಡ್ಜ್ (ಟಾಪ್ ಮೇಲೆ ತಂತಿಗಳನ್ನು ಸಿಕ್ಕಿಸುವ ಮರದ ತುಂಡು) ಹಿಂದೆ ಟಾಪ್ ಉಬ್ಬುತ್ತದೆ. ಈ ಎರಡರ ನಡುವಿನ ಹದ ಹಿಡಿದ ಕೈಗೆ ನಾವು ದುಡ್ಡು ಕೊಡುವುದು. ಎಕ್ಸ್ ಬ್ರೇಸಿಂಗ್ ಅನ್ನು ಮಾರ್ಟಿನ್ 1840ರ ದಶಕದಲ್ಲಿ ಗಟ್ (ಪ್ರಾಣಿಗಳ ಕರುಳಿನ) ತಂತಿಯ ಗಿಟಾರ್‌ಗೆ ಬಳಸಲು ಶುರು ಮಾಡಿತು. ಮುಂದೆ ಸ್ಟೀಲ್ ತಂತಿಯ ಎಳೆತಕ್ಕೂ ಅದೇ ಹೊಂದಿಕೊಂಡಿತು, ಎಂಥ ಅದೃಷ್ಟ ಅಲ್ವಾ!

ಹೊಸ ಗಿಟಾರ್ ಕೈಗೆ ಬಂದರೆ ನಾನು ಸೌಂಡ್‌ಹೋಲ್‌ನ (ಟಾಪ್‌ನಲ್ಲಿರುವ ದುಂಡು ತೂತಿನ) ಅಂಚನ್ನು ಬೆಳಕಿಗೆ ಹಿಡಿಯುತ್ತೇನೆ. ಮೇಲಿನ ನಾರಿನ ಗೆರೆಗಳು ಅಂಚಿನಲ್ಲೂ ಹಾಗೇ ಕೆಳಗಿಳಿದರೆ ಸಾಲಿಡ್. ಅಡ್ಡ ಪದರಗಳು ಕಂಡರೆ ಪ್ಲೈ. ಬರೀ ‘ಸಾಲಿಡ್ ಟಾಪ್’ ಅಂತ ಬರೆದಿದ್ದರೆ ಪಕ್ಕ ಮತ್ತು ಹಿಂಭಾಗ ಸಾಮಾನ್ಯವಾಗಿ ಲ್ಯಾಮಿನೇಟೇ. ವಿವರ ಕೇಳಿ ತಿಳಿದುಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ರೋಸ್‌ವುಡ್ ಗುಂಯ್‌ಗುಡುತ್ತದೆ, ಮಹಾಗನಿ ನೇರ ದನಿ ಕೊಡುತ್ತದೆ ಅನ್ನುತ್ತಾರೆ. ಆದರೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹಿಂಭಾಗ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ ಇದ್ದ 6 ಗಿಟಾರ್‌ಗಳನ್ನು 52 ಜನರಿಂದ, ಮರ ಯಾವುದೆಂದು ಗೊತ್ತಾಗದ ಹಾಗೆ ನುಡಿಸಿದರು. ಒಟ್ಟಾರೆ ದನಿಗೆ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಕಣ್ಣಿಗೆ ಚೆಂದ ಕಂಡದ್ದನ್ನು ತಗೊಳ್ಳಿ. ಬ್ರೆಜಿಲಿಯನ್ ರೋಸ್‌ವುಡ್ ಅಂತ ಸುಮ್ನೆ ಜಾಸ್ತಿ ಸುರಿಯಬೇಡಿ. ಅದು 1992ರಿಂದ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಅನುಬಂಧದಲ್ಲಿದೆ, ಗಡಿ ದಾಟಿಸಲು ಪರವಾನಗಿಯ ತಲೆನೋವು ಬೇರೆ. ಮಾರ್ಟಿನ್ ತನ್ನ ಡಿ-28ಗೆ 1969ರಲ್ಲೇ ಬ್ರೆಜಿಲಿಯನ್ ಬಿಟ್ಟು ಭಾರತದ ಬೀಟೆ ಮರ (ಇಂಡಿಯನ್ ರೋಸ್‌ವುಡ್) ಹಿಡಿಯಿತು.

ಮರಕ್ಕಿಂತ ಕೈಗೆ ತಟ್ಟುವುದು ನಟ್ ಅಗಲ, ಅಂದರೆ ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿಯ ಅಗಲ. 43 ಮಿ.ಮೀ. ಮತ್ತು 44.5 ಮಿ.ಮೀ. ನಡುವೆ ಏನು ಮಹಾ ಅನ್ನಿಸಬಹುದು. ಬೆರಳಲ್ಲಿ ನುಡಿಸುವವರಿಗೆ ಆ ಒಂದೂವರೆ ಮಿ.ಮೀ. ತುಂಬಾ ದೊಡ್ಡದು. ಕೂತು ನುಡಿಸುವುದೇ ಹೆಚ್ಚಾದರೆ ಡ್ರೆಡ್‌ನಾಟ್ (ಡಿ-28ರಂಥ ದೊಡ್ಡ ಮೈಯ ಗಿಟಾರ್) ಬದಲು ಅದಕ್ಕಿಂತ ಸಣ್ಣದಾದ ಒಎಂ ಗಾತ್ರವನ್ನೂ ಮಡಿಲಲ್ಲಿಟ್ಟು ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಒಂದು ನೇರ ಪಟ್ಟಿಯನ್ನು ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳ) ಮೇಲಿಟ್ಟು ಬ್ರಿಡ್ಜ್ ಕಡೆಗೆ ಸರಿಸಿ. ತುದಿ ಬ್ರಿಡ್ಜ್‌ನ ಮೇಲ್ಮೈ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಸಾಕಷ್ಟು ಕೆಳಗೆ ಬಡಿದರೆ ನೆಕ್ ರೀಸೆಟ್ (ನೆಕ್ ಬಿಚ್ಚಿ, ಕೋನ ಸರಿಪಡಿಸಿ ಮತ್ತೆ ಕೂರಿಸುವುದು) ಬೇಕಾಗುತ್ತದೆ, ಅದು ದುಬಾರಿ ಕೆಲಸ.

ತಂದ ಮೇಲೆ ಕೇಸ್‌ನಲ್ಲೊಂದು ಹೈಗ್ರೋಮೀಟರ್ ಇಡಿ. ತೇವಾಂಶ 45ರಿಂದ 55 ಶೇಕಡಾ ಇರಲಿ. ಫ್ರೆಟ್‌ನ ತುದಿಗಳು ಬೆರಳಿಗೆ ಚುಚ್ಚತೊಡಗಿದರೆ ಮರ ಒಣಗಿ ಕುಗ್ಗುತ್ತಿದೆ ಅಂತ ಅರ್ಥ. ಟಾಪ್ ಸೀಳುವ ಮುಂಚೆ, ಅವತ್ತೇ ಕೇಸ್‌ಗೆ ಹ್ಯುಮಿಡಿಫೈಯರ್ ಹಾಕಿ.