ಸಾಕಿದ ಹೊಲದ ಇಲಿ ರಾತ್ರಿಯೆಲ್ಲ ತಂತಿ ಕಡಿಯುತ್ತದೆ, ಏಕೆ?

ಪ್ರಶ್ನೆ: ಸುಗ್ಗಿಯಲ್ಲಿ ಜೋಳ ಕೀಳುವಾಗ ಬಿಲವೊಂದು ಒಡೆದು, ಕಣ್ಣು ಬಿಡದ ಇಲಿಮರಿ ಸಿಕ್ಕಿತು. ತಾಯಿ ಬರಲಿಲ್ಲ. ಹತ್ತಿಯ ಬತ್ತಿಯಿಂದ ಹಾಲುಣಿಸಿ ಬದುಕಿಸಿದೆವು. ಈಗ ದೊಡ್ಡದಾಗಿದೆ, ಕರೆದರೆ ಕೈಗೂ ಬರುತ್ತದೆ. ಆದರೆ ರಾತ್ರಿಯೆಲ್ಲ ಪಂಜರದ ತಂತಿ ಕಡಿಯುತ್ತದೆ, ಒಂದೇ ಮೂಲೆಯಲ್ಲಿ ಸುತ್ತುತ್ತದೆ. ಜೋಡಿ ತರಬೇಕೇ? ಅಥವಾ ಹೊಲಕ್ಕೇ ಬಿಡಬೇಕೇ?
– ಓದುಗರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಅದಕ್ಕೆ ಕೆಲಸವಿಲ್ಲ, ಅದೇ ತೊಂದರೆ. ಹೊಲದ ಇಲಿಗೆ ರಾತ್ರಿಯೆಂದರೆ ದುಡಿಮೆಯ ಹೊತ್ತು. ಮಣ್ಣು ತೋಡಬೇಕು, ಕಾಳು ಹುಡುಕಬೇಕು, ಹುಳ ಹಿಡಿಯಬೇಕು, ಗೂಬೆಯ ಕಣ್ಣು ತಪ್ಪಿಸಬೇಕು. ನೀವು ಬಟ್ಟಲಲ್ಲಿ ಕಾಳು ಸುರಿದು ಅಷ್ಟನ್ನೂ ಕಿತ್ತುಕೊಂಡಿದ್ದೀರಿ. ಕೈಗೆ ಬರುತ್ತದೆಂದು ಹಿಗ್ಗುವುದು ಸಹಜ. ಅದರ ನೆಮ್ಮದಿ ಮಾತ್ರ ಇರುವುದು ಬಿಲದಲ್ಲಿ. (ಸುತ್ತುವಾಗ ತಲೆ ಒಂದು ಕಡೆಗೆ ವಾಲಿದ್ದರೆ ಕಿವಿಯ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ.)

ತಂತಿ ಪಂಜರ ತೆಗೆದುಬಿಡಿ. ಮೀನು ಸಾಕುವ ಹಳೆಯ ಗಾಜಿನ ತೊಟ್ಟಿ ಸಾಕು. ಮೇಲೆ ಗಾಳಿಯಾಡುವ ಜಾಲರಿಯ ಮುಚ್ಚಳವಿರಲಿ. ಅದರ ಕಿಂಡಿ 6 ಮಿಲಿಮೀಟರಿಗಿಂತ ಸಣ್ಣದಿರಲಿ, ಏಕೆಂದರೆ ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ಇಲಿ ನುಸುಳಬಲ್ಲದು. ತಳದಲ್ಲಿ ಅರ್ಧ ಅಡಿ ಮಣ್ಣು ತುಂಬಿ, ಕತ್ತರಿಸಿದ ಒಣಹುಲ್ಲು ಬೆರೆಸಿ. ನಿಮ್ಮ ಹೊಲದ ಎರೆಮಣ್ಣು ಬೇಡ, ಒಣಗಿದರೆ ಕಲ್ಲಾಗುತ್ತದೆ. ಮರಳು ಬೆರೆತ ಮಸಾರಿ ಮಣ್ಣು ತನ್ನಿ. ಗೂಡು ಕಟ್ಟಲು ಹರಿದ ಕಾಗದ ಕೊಡಿ. ದಾರದ ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ, ಅವು ಬೇಡ. ಸ್ವಚ್ಛಗೊಳಿಸುವಾಗ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡಿ. ತನ್ನ ವಾಸನೆಯಿಂದಲೇ ಇಲಿ ಮನೆಯನ್ನು ಗುರುತಿಸುವುದರಿಂದ, ಗೂಡನ್ನು ಹಾಗೆಯೇ ಬಿಟ್ಟು ಒದ್ದೆಯಾದ ಭಾಗವನ್ನಷ್ಟೇ ತೆಗೆಯಿರಿ.

ಓಡುವ ಚಕ್ರವೊಂದು ಬೇಕೇಬೇಕು. ಚಕ್ರದಲ್ಲಿ ಓಡುವುದನ್ನು ಪಂಜರದ ಇಲಿಯ ಹುಚ್ಚು ಎನ್ನುವವರಿದ್ದಾರೆ. ಆದರೆ ನೆದರ್ಲೆಂಡ್ಸಿನ ವಿಜ್ಞಾನಿಗಳು ಬಯಲಲ್ಲಿ ಚಕ್ರವಿಟ್ಟು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾರೂ ಸಾಕದ ಇಲಿಗಳು ತಾವಾಗಿಯೇ ಬಂದು ಓಡಿದವು. ಪಕ್ಕದಲ್ಲಿಟ್ಟಿದ್ದ ಆಹಾರ ತೆಗೆದ ಮೇಲೂ ಓಡುವುದು ನಿಲ್ಲಲಿಲ್ಲ. ಸುಮಾರು 20 ಸೆಂಟಿಮೀಟರ್ ವ್ಯಾಸದ, ಸಂದಿಯಿಲ್ಲದ ಗಟ್ಟಿ ಮೈಯ ಚಕ್ರ ತನ್ನಿ. ಕಂಬಿಗಳಿರುವ ಚಕ್ರದಲ್ಲಿ ಬಾಲ ಸಿಕ್ಕುತ್ತದೆ.

ಬಟ್ಟಲು ನೀರಿಗಷ್ಟೇ ಇರಲಿ. ಜೋಳದ ಇಡೀ ತೆನೆಯನ್ನು ಮುಚ್ಚಳದಿಂದ ತೂಗುಹಾಕಿ, ಇಲಿ ಮೇಲೇರಿ ಕಾಳು ಬಿಡಿಸಿ ತಿನ್ನಲಿ. ಸಜ್ಜೆ, ನವಣೆಗಳನ್ನು ಮಣ್ಣಲ್ಲಿ ಎರಚಿ. ಶೇಂಗಾ, ಸೂರ್ಯಕಾಂತಿ ಕೊಬ್ಬಿನ ಕಾಳುಗಳು, ಒಂದೆರಡು ಸಾಕು. ಆಗಾಗ ಮಿಡತೆ ಅಥವಾ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಔಷಧ ಹೊಡೆದ ಹೊಲದ ಮಿಡತೆ ಬೇಡ. ಬಿತ್ತನೆಗೆ ತಂದ ಬಣ್ಣ ಹಚ್ಚಿದ ಬೀಜವನ್ನಂತೂ ಮರೆತೂ ಹಾಕಬೇಡಿ, ಅದಕ್ಕೆ ವಿಷ ಲೇಪಿಸಿರುತ್ತದೆ. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಕಡಿಯಲು ಕಣಿಕೆಯ ದಂಟು, ಪೇರಲದ ಕಡ್ಡಿ ಇಡಿ.

ನಿಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರಿ ತಣ್ಣಗಾಗುವ ಉಪಾಯ ಇಲಿಗಿಲ್ಲ. ಸಣ್ಣ ಮಣ್ಣಿನ ಕುಡಿಕೆಯ ಅಂಚು ಒಡೆದು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ. ಒಣ ಹವೆಯಲ್ಲಿ ಅದು ಚೆನ್ನಾಗಿ ತಂಪಾಗುತ್ತದೆ. ತೊಟ್ಟಿ ಕಿಟಕಿಯ ಬಿಸಿಲಿಗೆ ಬೀಳದಿರಲಿ.

ಜೋಡಿ ತರಬೇಡಿ. ಅಪರಿಚಿತ ಗಂಡುಗಳು ಪರಸ್ಪರ ಕಚ್ಚಾಡಿ ಸಾಯುವವರೆಗೂ ಹೋಗಬಹುದು. ಗಂಡು ಹೆಣ್ಣು ಸೇರಿದರೆ ಸುಮಾರು ಮೂರು ವಾರಕ್ಕೆ ಮರಿಗಳು, ಮರಿ ಹಾಕಿದ ದಿನವೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಆಗ ನಿಮಗೆ ಈ ಅಂಕಣ ಸಾಲದು.

ಹೊಲಕ್ಕೆ ಬಿಡುವ ಮಾತು. ಕಣ್ಣು ಬಿಟ್ಟು ಹಾಲು ಬಿಡುವ ಹೊತ್ತಿಗೆ, ಅಂದರೆ ಮೂರು ನಾಲ್ಕು ವಾರದ ವಯಸ್ಸಿಗೆ, ಹೆಚ್ಚು ಮುಟ್ಟದೆ ಬೆಳೆಸಿದ್ದರೆ ಬಿಡಿ ಎನ್ನುತ್ತಿದ್ದೆ. ಮನುಷ್ಯರ ಬಳಿಗೆ ಓಡಿಬರುವ ಈ ಇಲಿಯನ್ನು ಬಿಟ್ಟರೆ ಮೊದಲ ಬೆಕ್ಕಿಗೇ ತುತ್ತಾದೀತು. ಹೊಲದಲ್ಲಿ ವರ್ಷ ತುಂಬುವ ಇಲಿಗಳೇ ಕಡಿಮೆ. ಮನೆಯಲ್ಲಿ ಎರಡು ವರ್ಷದವರೆಗೂ ಬದುಕೀತು. ಇಟ್ಟುಕೊಳ್ಳಿ.

ಎತ್ತುವಾಗ ಬಾಲ ಹಿಡಿಯಬೇಡಿ, ಚರ್ಮ ಸುಲಿದು ಬರುತ್ತದೆ. ಬೊಗಸೆಗೆ ಹತ್ತಿಸಿಕೊಳ್ಳಿ, ಅದೂ ಸಂಜೆಯ ಮೇಲೆ, ಅದಾಗಿ ಬಂದಾಗ. ಇಲಿಯ ಮೂತ್ರದಿಂದ ಇಲಿಜ್ವರ ಬರುವುದುಂಟು, ಆದ್ದರಿಂದ ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಿರಿ. ಕಚ್ಚಿದರೆ ಗಾಯವನ್ನು ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಬಸುರಿಯರಿದ್ದರೆ ತೊಟ್ಟಿ ತೊಳೆಯುವ ಕೆಲಸವನ್ನು ಬೇರೆಯವರು ಮಾಡಲಿ.